ಕಾಡಂಚಿನ ಶಾಲೆಲಿ ಪರಿಸರ ಪಾಠ

ನಾನು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಲಿ ಸೈನ್ಸು, ಗಣಿತ ಮಾಡ್ತೀನಿ. ನನ್ನೂರು ಮದ್ದೂರು ಕಡೆ, ಅಲ್ಲಿ ನಮ್ಮ ಪಾಲಿಗೆ ಕಾಡುಪ್ರಾಣಿ ಅಂದ್ರೆ ಕಬ್ಬಿನ ಗದ್ದೆ ಹಂದಿ, ಈಗೀಗ ಚಿರತೆ, ಅಷ್ಟೇ. ಇಲ್ಲಿಗೆ ಪೋಸ್ಟಿಂಗ್ ಆದಾಗ ಬಂಡೀಪುರದ ಕಾಡು ಇಲ್ಲಿಂದ ಎಷ್ಟು ದೂರ ಸರ್ ಅಂತ ಎಚ್‌ಎಂ ಹತ್ರ ಕೇಳಿದ್ದಕ್ಕೆ ಅವರು ಕಿಟಕಿ ಕಡೆ ಕೈ ತೋರಿಸಿ "ಆ ಹುಣಸೆಮರ ಆದ್ಮೇಲೆ ಎರಡು ಹೊಲ, ಆಮೇಲೆ ಟ್ರಂಚು, ಅದರಾಚೆಗೆ ಅವರದ್ದು" ಅಂದ್ರು. ಟ್ರಂಚು ಅಂದ್ರೆ ಆನೆ ದಾಟದಂಗೆ ಕಾಡಂಚಿಗೆ ತೋಡಿರೋ ಕಂದಕ. ಅವರದ್ದು ಅಂದ್ರೆ ಫಾರೆಸ್ಟ್‌ನವರದ್ದೋ ಆನೆಗಳದ್ದೋ ಅಂತ ಕೇಳಕ್ಕೆ ಹೋಗಲಿಲ್ಲ.

ಹೊಸಬರು ಬಂದ್ರೆ ಇಕೋ ಕ್ಲಬ್ ಚಾರ್ಜು ಅವರ ಕುತ್ತಿಗೆಗೆ ಬೀಳೋದು ಎಲ್ಲಾ ಶಾಲೆಲೂ ಇರೋದೇ. ನನಗೂ ಬಿತ್ತು. ಜೊತೆಗೆ ಒಂದು ರಿಜಿಸ್ಟರು, ಒಂದು ಬ್ಯಾನರು, ಆಮೇಲೆ ಗೋಡೆಲಿ ತೂಗುಹಾಕಿದ್ದ "ವನ್ಯಪ್ರಾಣಿಗಳು" ಅನ್ನೋ ಚಾರ್ಟು. ಆ ಚಾರ್ಟಲ್ಲಿ ಜಿರಾಫೆ ಇತ್ತು, ಜೀಬ್ರಾ ಇತ್ತು, ನೀರಾನೆ ಇತ್ತು, ಕಾಂಗರೂನೂ ಇತ್ತು. ಕಾಟಿ ಇಲ್ಲ, ಕಡವೆ ಇಲ್ಲ, ಸೀಳುನಾಯಿ ಇಲ್ಲ. ದೇಶದಲ್ಲಿ 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಜಾಗದಲ್ಲಿ ಬಂಡೀಪುರನೂ ಒಂದು, ಆ ಕಾಡಿನ ಅಂಚಲ್ಲೇ ಇರೋ ಶಾಲೆ ಗೋಡೆ ಮೇಲೆ ಕಾಂಗರೂ. ಪರಿಸರ ಪಾಠನ ಎಲ್ಲಾ ಮಕ್ಕಳಿಗೂ ಕಡ್ಡಾಯ ಕಲಿಸಬೇಕು ಅಂತ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತ್ತು, ಪುಸ್ತಕದಲ್ಲಿ ಪಾಠಗಳೂ ಬಂದವು, ಆದ್ರೆ ಯಾವ ಪರಿಸರ ಅನ್ನೋದನ್ನ ಮಾತ್ರ ಯಾರೂ ವಿಚಾರ ಮಾಡಿದಂಗೆ ಕಾಣಲ್ಲ.

ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ. ಮೇಲಿಂದ ಸುತ್ತೋಲೆ ಬರುತ್ತೆ, ಪ್ರಬಂಧ ಸ್ಪರ್ಧೆ ಮಾಡಿ, ಚಿತ್ರಕಲೆ ಮಾಡಿ, ಫೋಟೋನ ಗ್ರೂಪಿಗೆ ಹಾಕಿ ಅಂತ. ಮಾಡಿಸಿದೆ. ಆರು, ಏಳು, ಎಂಟನೇ ಕ್ಲಾಸಿನ ಎಲ್ಲರ ಪ್ರಬಂಧನೂ ಓದಿದೆ, ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ. ಕಾಡು ನಮ್ಮ ಸಂಪತ್ತು, ಪ್ರಾಣಿಗಳು ನಮ್ಮ ಮಿತ್ರರು, ಕಾಡು ಬೆಳೆಸಿ ನಾಡು ಉಳಿಸಿ, ಮುಗೀತು. ಅವತ್ತೇ ಮಧ್ಯಾಹ್ನ ಬಿಸಿಯೂಟಕ್ಕೆ ಕೂತಾಗ ಅದೇ ಮಕ್ಕಳು ಮಾತಾಡ್ಕೊತಿದ್ದಿದ್ದು ಕೇಳಿದ್ರೆ ಬೇರೆನೇ ಲೋಕ. "ನಮ್ ಹೊಲಕ್ಕ ನಿನ್ನ ರಾತ್ರ ಹಂದಿ ನುಗ್ಗವ, ಜ್ವಾಳ ಒಂದ್ ಸಾಲೂ ಉಳಿಸಿಲ್ಲ" ಅಂತ ಒಬ್ಬ, "ನಮ್ಮಪ್ಪ ಪಟಾಕಿ ಹೊಡುದ್ರೂ ಆನ ಅಲ್ಲಾಡ್ಲೇ ಇಲ್ಲ" ಅಂತ ಇನ್ನೊಬ್ಬ. ಪ್ರಬಂಧದಲ್ಲಿ ಮೊದಲನೇ ಬಹುಮಾನ ತಗೊಂಡ ಹುಡುಗಿ ಅನ್ನ ಕಲಸ್ತಾ ಕಲಸ್ತಾ "ಆ ಹುಲಿನ ಹಿಡ್ಕಂಡೋಗಿ ಬೇರೆ ಕಡೆ ಬಿಡ್ಬೇಕು ಕನ, ಇಲ್ಲಾಂದ್ರ ಸುಟ್ಟಾಕ್ಬೇಕು" ಅಂತಿದ್ಲು. ಬರೆದಿದ್ದು ಮಾರ್ಕ್ಸಿಗೆ, ಇದು ಮನೆ ಮಾತು. ಈ ಎರಡರ ಮಧ್ಯೆ ಎಲ್ಲಾದ್ರೂ ಪಾಠ ಶುರು ಮಾಡಬೇಕಿತ್ತು, ಎಲ್ಲಿ ಅನ್ನೋದು ಗೊತ್ತಾಗಕ್ಕೆ ಸ್ವಲ್ಪ ಕಾಲ ಹಿಡೀತು.

ದಾರಿ ಸಿಕ್ಕಿದ್ದು ಹಾಜರಾತಿ ಪುಸ್ತಕದಿಂದ. ನವೆಂಬರ್ ಡಿಸೆಂಬರ್ ಅಂದ್ರೆ ರಾಗಿ ಕಟಾವು, ಆಗ ಗಂಡು ಹುಡುಗ್ರು ಮೊದಲನೇ ಪೀರಿಯಡ್ಡಿಗೇ ತೂಕಡಿಸೋರು. ಯಾಕ್ರೋ ಅಂದ್ರೆ ಅಪ್ಪನ ಜೊತೆ ರಾತ್ರಿ ಅಟ್ಟಣೆ ಮೇಲೆ ಕಾವಲು. ಎಲ್ಲೋ ಹುಲಿ ಹೆಜ್ಜೆ ಕಂಡಿದೆ ಅಂತ ಸುದ್ದಿ ಬಂದ್ರೆ ಅವತ್ತು ಆ ದಿಕ್ಕಿನ ಒಂಟಿಮನೆ ಮಕ್ಕಳು ಬರೋದೇ ಇಲ್ಲ, ಯಾವ ತಾಯಿ ಕಳಿಸ್ತಾಳೆ ಹೇಳಿ. 2019ರಲ್ಲಿ ಚೌಡಹಳ್ಳಿ, ಹುಂಡೀಪುರದ ಕಡೆ ಇಬ್ಬರು ರೈತರನ್ನ ಹುಲಿ ಕೊಂದಿದ್ದು ಈ ತಾಲ್ಲೂಕಲ್ಲಿ ಯಾರೂ ಮರೆತಿಲ್ಲ. ಹಾಜರಾತಿಲಿ ಯಾಕೆ ಬಂದಿಲ್ಲ ಅಂತ ಬರೆಯೋ ಕಾಲಂ ಇಲ್ಲ. ಇದ್ದಿದ್ರೆ ನಮ್ಮ ತಾಲ್ಲೂಕಿನ ಕಾಡಿನ ಕಥೆ ಅದರಲ್ಲೇ ಇರ್ತಿತ್ತು ಅಂತ ಅನ್ನಿಸ್ತು, ಸರಿ, ನಾವೇ ಆ ಕಾಲಂ ಮಾಡಣ ಅಂತ ಒಂದು ನೂರು ಪೇಜಿನ ಲಾಂಗ್ ನೋಟ್‌ಬುಕ್ ತಂದು ಗೆರೆ ಎಳೆದು ಇಟ್ಟೆ. ತಾರೀಕು, ಎಷ್ಟೊತ್ತಿಗೆ, ಯಾರ ಹೊಲ, ಯಾವ ಪ್ರಾಣಿ, ಏನು ತಿಂತು, ಮನೆಯವರು ಏನು ಮಾಡಿದ್ರು. ಮಕ್ಕಳು ಅದಕ್ಕೆ "ಆನ ಬುಕ್ಕು" ಅಂತ ಹೆಸರಿಟ್ರು. ಬೆಳಗ್ಗೆ ಪ್ರಾರ್ಥನೆ ಮುಗಿದ ತಕ್ಷಣ ಯಾರ ಹೊಲಕ್ಕೆ ಏನು ಬಂದಿತ್ತೋ ಅವರು ಬಂದು ಬರೀಬೇಕು, ಸುಮ್ಮನೆ ಬರೆದ್ರೆ ಆಗಲ್ಲ, ಹೆಜ್ಜೆ ನೋಡಿದ್ರಾ ಲದ್ದಿ ನೋಡಿದ್ರಾ ಕಣ್ಣಾರೆ ಕಂಡ್ರಾ ಅಂತ ಉಳಿದ ಮಕ್ಕಳು ಪಾಟಿಸವಾಲು ಮಾಡೋರು. ಕೋರ್ಟಲ್ಲಿ ಕೂಡ ಇಷ್ಟು ಕೇಳಲ್ಲವೇನೋ. ಒಬ್ಬ ಹುಡುಗ ಹುಲಿ ಅಂತ ಬರೆದಿದ್ದನ್ನ ಇನ್ನೊಬ್ಬ ನಾಯಿ ಅಂತ ಸಾಬೀತು ಮಾಡಿಬಿಟ್ಟ, ಉಗುರಿನ ಗುರುತು ಮಣ್ಣಲ್ಲಿ ಮೂಡಿದೆ ಅಂತ. ಅದು ಸರಿನೇ, ಹುಲಿ ಚಿರತೆ ನಡೀವಾಗ ಉಗುರು ಒಳಗೆ ಎಳ್ಕೊಂಡಿರುತ್ತೆ, ನಾಯಿದು ಆಚೆನೇ ಇರುತ್ತೆ. ಇದನ್ನ ನಾನು ಪಾಠ ಮಾಡೋಕ್ಕಿಂತ ಮುಂಚೆನೇ ಅವನಿಗೆ ಅವರ ತಾತ ಹೇಳಿಕೊಟ್ಟಿದ್ರು.

ಒಂದು ಸುಗ್ಗಿ ಮುಗಿಯೋ ಹೊತ್ತಿಗೆ ಬುಕ್ಕು ಅರ್ಧ ತುಂಬಿತ್ತು, ಅದನ್ನ ಎಂಟನೇ ಕ್ಲಾಸಿನ ದತ್ತಾಂಶ ಪಾಠಕ್ಕೆ ಹಾಕ್ಕೊಂಡೆ. ಸ್ತಂಭಾಲೇಖ (ಬಾರ್ ಗ್ರಾಫು) ಅಂದ್ರೆ ಮೂಗು ಮುರಿಯೋ ಮಕ್ಕಳು ಅವತ್ತು ಸ್ಕೇಲಿಗೆ ಜಗಳ ಆಡಿದ್ರು. ಎಲ್ಲಕ್ಕಿಂತ ಉದ್ದದ ಕಂಬ ಯಾವುದರದ್ದು ಬರುತ್ತೆ ಅಂತ ಮೊದಲೇ ಕೇಳಿದ್ದೆ, ಎಲ್ಲರೂ ಆನೆ ಅಂದಿದ್ರು. ಬಂದಿದ್ದು ಹಂದಿ. ಅದಾದ ಮೇಲೆ ಕೋತಿ, ನವಿಲು. ಆನೆ ಬರೋದು ಕಮ್ಮಿ, ಆದ್ರೆ ಬಂದ ಒಂದು ರಾತ್ರಿಲೇ ವರ್ಷದ ಬಾಳೆ ಹೋಗುತ್ತೆ. ಹುಲಿದು ತೀರಾ ಕುಳ್ಳು ಕಂಬ. ಮಕ್ಕಳಿಗೆ ಇದು ಒಪ್ಪಿಗೆನೇ ಆಗಲಿಲ್ಲ, ಮತ್ತೆ ಮತ್ತೆ ಎಣಿಸಿದ್ರು. ಅಷ್ಟರಲ್ಲಿ ಒಬ್ಬಳು "ಮಿಸ್, ಹುಲಿ ಹಂದಿ ತಿಂತದಲ್ವಾ, ಹುಲಿ ಇಲ್ದಿದ್ರ ಈ ಕಂಬ ಇನ್ನೂ ಎಷ್ಟ್ ಉದ್ದ ಆಗದು?" ಅಂದ್ಲು. ಆಹಾರ ಸರಪಳಿ ಅಂತ ಹಸಿರು ಗಿಡ, ಮಿಡತೆ, ಕಪ್ಪೆ, ಹಾವು, ಗಿಡುಗ ಬರೆದು ಬಾಣ ಹಾಕಿಸ್ತೀವಲ್ಲ, ಆ ಪಾಠನ ನಾನು ಎಷ್ಟೋ ಸಲ ಮಾಡಿದೀನಿ, ಯಾವತ್ತೂ ಯಾರೂ ಹಿಂಗೆ ಪ್ರಶ್ನೆ ಕೇಳಿರಲಿಲ್ಲ.

ಎಲ್ಲಕ್ಕಿಂತ ಮಕ್ಕಳಿಗೆ ಇಷ್ಟ ಆಗಿದ್ದು ಆನೆ ಅಳತೆ. ಏಷ್ಯಾದ ಆನೆಗೆ ಒಂದು ಲೆಕ್ಕ ಇದೆ, ಮುಂಗಾಲಿನ ಹೆಜ್ಜೆ ಸುತ್ತಳತೆನ ಎರಡರಿಂದ ಗುಣಿಸಿದ್ರೆ ಹೆಚ್ಚುಕಮ್ಮಿ ಅದರ ಭುಜದ ಎತ್ತರ ಬರುತ್ತೆ. ಇದನ್ನ ನನಗೆ ಹೇಳಿದ್ದು ನಮ್ಮ ಶಾಲೆ ಮಗುವೊಂದರ ಅಪ್ಪ, ಅವರು ಫಾರೆಸ್ಟಲ್ಲಿ ವಾಚರ್. ಒಂದ್ಸಲ ಮಳೆ ಬಂದ ಮಾರನೇ ದಿನ ಶಾಲೆ ಹಿಂದಿನ ಬಾಳೆತೋಟಕ್ಕೆ ಆನೆ ಬಂದು ಹೋಗಿದೆ ಅಂತ ಗೊತ್ತಾಯ್ತು, ತೋಟದವರನ್ನ ಕೇಳಿ, ಆ ವಾಚರಣ್ಣನ್ನೂ ಕರ್ಕೊಂಡು, ಬಿಸಿಲು ಚೆನ್ನಾಗಿ ಏರಿದ ಮೇಲೆ ಹೋದ್ವಿ. ಕೆಂಪು ಮಣ್ಣು ಇನ್ನೂ ಹಸಿ. ಹೆಜ್ಜೆ ಎಷ್ಟು ಚೆನ್ನಾಗಿ ಮೂಡಿತ್ತು ಅಂದ್ರೆ ಅಂಗಾಲಿನ ಸೀಳು ಸೀಳು ಗೆರೆ ಕೂಡ ಕಾಣ್ತಿತ್ತು, ಒಳಗಡೆ ಅರ್ಧ ಅಂಗುಲ ನೀರು ನಿಂತು ಅದರಲ್ಲಿ ಬಾಳೆ ಸೀಳು ಬಿದ್ದಿತ್ತು. ಮುಂಗಾಲು ದುಂಡಗೆ, ಹಿಂಗಾಲು ಸ್ವಲ್ಪ ಉದ್ದುದ್ದ, ಹಿಂಗಾಲು ಎಷ್ಟೋ ಕಡೆ ಮುಂಗಾಲಿನ ಹೆಜ್ಜೆ ಮೇಲೇ ಬಿದ್ದಿತ್ತು, ಹಂಗಾಗಿ ಒಳ್ಳೆ ಮುಂಗಾಲಿನ ಗುರುತು ಹುಡುಕೋದೇ ಒಂದು ಕೆಲಸ. ಸಿಕ್ತು. ಒಬ್ಬ ಮಂಡಿಯೂರಿ ಹುರಿನ ಹೆಜ್ಜೆ ಅಂಚಿಗೆ ಮೆಲ್ಲಗೆ ಒತ್ತಿ ಒತ್ತಿ ಸುತ್ತಿಸಿದ, ಇನ್ನೊಬ್ಬಳು ತುದಿ ಹಿಡ್ಕೊಂಡ್ಲು, ಸ್ಕೇಲು ಇಟ್ಟು ಅಳೆದ್ರೆ 125 ಸೆಂಟಿಮೀಟರ್. ಎರಡರಿಂದ ಗುಣಿಸಿ 250. ಶಾಲೆಗೆ ವಾಪಸ್ ಬಂದು ಗೋಡೆ ಮೇಲೆ 250 ಸೆಂಟಿಮೀಟರ್‌ಗೆ ಚಾಕ್‌ಪೀಸಲ್ಲಿ ಗೆರೆ ಎಳೆದ್ವಿ, ನನಗೇ ಕೈ ಎಟುಕದೆ ಬೆಂಚು ಹತ್ತಬೇಕಾಯ್ತು. ಇಷ್ಟೆತ್ತರ ಅಂದ್ರೆ ಗಂಡೇ ಇರ್ಬೇಕು, ಒಂಟಿ ಸಲಗ ಅಂತ ವಾಚರಣ್ಣ ಅಂದ್ರು. ಅಡುಗೆ ಅಕ್ಕ ಸೌಟು ಹಿಡ್ಕೊಂಡೇ ಬಂದು ಗೋಡೆ ನೋಡಿ "ಇದೇನ್ ಆನ, ನಾನ್ ನೋಡಿರದು ಇದಕ್ಕಿಂತ ಎತ್ರ" ಅಂದ್ರು.

ಅದಾಗಿ ಕೆಲವು ವಾರ ಆದ್ಮೇಲೆ ಒಂದು ಹಿಂಡು ಬಂದಿತ್ತು, ಆಗ ಒಂದು ಮರಿ ಹೆಜ್ಜೆ ಸಿಕ್ತು, ಸುತ್ತಳತೆ 60. ಗೋಡೆ ಮೇಲೆ 120ಕ್ಕೆ ಗೆರೆ. ಮೂರನೇ ಕ್ಲಾಸಿನ ಒಂದು ಮಗುನ ಆ ಗೆರೆ ಪಕ್ಕ ನಿಲ್ಲಿಸಿದ್ರೆ ತಲೆ ಸರಿಯಾಗಿ ಗೆರೆಗೆ ತಾಗ್ತು. ಎಲ್ಲಾ ನಕ್ಕರು, ಆ ಮಗು ಅವತ್ತಿಂದ ಶಾಲೆಲಿ "ಆನೆಮರಿ". ಆದ್ರೆ ಎಂಟನೇ ಕ್ಲಾಸಿನ ಒಬ್ಬ ನಗಲಿಲ್ಲ. "ಇಷ್ಟ್ ಚಿಕ್ಕುದ್ನ ಕರ್ಕಂಡು ಟ್ರಂಚ್ ಹೆಂಗ್ ದಾಟದ ಮಿಸ್?" ಅಂದ. ಆ ಪ್ರಶ್ನೆ ಮುಂದಕ್ಕೆ ಎಲ್ಲಿಗೆ ಹೋಯ್ತು ಅಂತ ಆಮೇಲೆ ಹೇಳ್ತೀನಿ.

ಲದ್ದಿ ಪಾಠನೂ ಮಾಡಿದ್ವಿ. ಆನೆ ದಿನಕ್ಕೆ ಸುಮಾರು 150 ಕೆಜಿ ಮೇವು ತಿನ್ನುತ್ತೆ, ಅದರಲ್ಲಿ ಅರ್ಧದಷ್ಟೂ ಸರಿಯಾಗಿ ಜೀರ್ಣ ಆಗಲ್ಲ, ಅದಕ್ಕೇ ಲದ್ದಿ ಒಡೆದು ನೋಡಿದ್ರೆ ಏನು ತಿಂದಿದೆ ಅಂತ ಓದಬಹುದು. ಒಣಗಿದ್ದನ್ನ ಕಡ್ಡಿಲಿ ಬಿಡಿಸಿದ್ರು, ನಾರು, ಹುಲ್ಲು, ಹುಣಸೆ ಬೀಜ, ಹಲಸಿನ ಬೀಜ, ಒಂದರಲ್ಲಿ ಚಿಪ್ಸ್ ಪ್ಯಾಕೆಟ್ಟಿನ ಚೂರು. ಆ ಚೂರು ಎಲ್ಲಿಂದ ಬಂತು ಅಂತ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ, ಊಟಿ ರೋಡಲ್ಲಿ, ವಯನಾಡು ರೋಡಲ್ಲಿ ಕಾರು ನಿಲ್ಲಿಸಿ ಜಿಂಕೆಗೆ ಕೋತಿಗೆ ಚಿಪ್ಸ್ ಎಸೆಯೋರನ್ನ ಅವರು ದಿನಾ ನೋಡ್ತಾರೆ. ಈ ರೋಡಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಗಾಡಿ ಬಿಡಲ್ಲ, 2009ರಿಂದ ಹಂಗೇ ಇದೆ. ಯಾಕೆ ಅಂತ ಕೇಳಿದ್ರೆ "ವೀರಪ್ಪನ್‌ಗೆ ಹೆದ್ರಿ" ಅಂದ ಒಬ್ಬ ಮಹಾನುಭಾವ. ರಾತ್ರಿ ಹೊತ್ತು ಗಾಡಿಗೆ ಸಿಕ್ಕಿ ಸಾಯೋ ಪ್ರಾಣಿಗಳ ವಿಷಯ ಹೇಳಿದೆ. ಸುಸ್ತಾಗಿ ಪ್ಲಾಸ್ಟಿಕ್ ಬಗ್ಗೆ ಭಾಷಣ ಬಿಗಿಯೋದನ್ನ ನಾನು ಅಲ್ಲಿಗೇ ನಿಲ್ಲಿಸಿದೆ, ಆ ಚೂರನ್ನ ಒಂದು ಬಾಟಲಿಲಿ ಹಾಕಿ ಸೈನ್ಸ್ ಬೀರುಲಿ ಇಟ್ಟಿದೀವಿ, ಅದು ಸಾಕು.

ಹುಲಿ ಪಾಠಕ್ಕೆ ಪಟ್ಟೆ ಹೊಂದಿಸೋ ಆಟ. ಒಂದು ಹುಲಿ ಪಟ್ಟೆ ಇದ್ದಂಗೆ ಇನ್ನೊಂದರದ್ದು ಇರಲ್ಲ, ಅಷ್ಟೇ ಅಲ್ಲ, ಒಂದೇ ಹುಲಿಯ ಎಡ ಮಗ್ಗುಲು ಬಲ ಮಗ್ಗುಲು ಕೂಡ ಬೇರೆ ಬೇರೆ. ಕಾಡಲ್ಲಿ ಪ್ರಾಣಿ ಹಾದುಹೋದ್ರೆ ತಾನೇ ಫೋಟೋ ತೆಗೆಯೋ ಕ್ಯಾಮೆರಾ ಟ್ರ್ಯಾಪ್‌ನ ಎದುರುಬದುರು ಜೋಡಿ ಜೋಡಿ ಕಟ್ಟೋದು ಅದಕ್ಕೇ. ನೆಟ್ಟಲ್ಲಿ ಸಿಕ್ಕಿದ ಹುಲಿ ಫೋಟೋಗಳನ್ನ ಜೆರಾಕ್ಸ್ ಮಾಡಿಸಿ, ಒಂದೇ ಹುಲಿದು ಎರಡೆರಡು ಫೋಟೋ ಬೆರೆಸಿ ಕೊಟ್ಟೆ, ಜೊತೆ ಮಾಡಿ ಅಂತ. ನಾನು ಮನೇಲಿ ಮಾಡಿ ನೋಡಿದಾಗ ಒಂದು ಗಂಟೆ ತಗೊಂಡಿದ್ದೆ. ಮಕ್ಕಳು ಒಂದು ಪೀರಿಯಡ್ಡಿಗೂ ಮುಂಚೆ ಮುಗಿಸಿ ಕೂತ್ರು. ದಿನಾ ಹಸು ಮೇಯಿಸೋ ಮಕ್ಕಳಿಗೆ ಮೈಮೇಲಿನ ಗುರುತು ಹಿಡಿಯೋದು ಯಾರು ಕಲಿಸಬೇಕು. 2022ರ ಎಣಿಕೆ ಪ್ರಕಾರ ಕರ್ನಾಟಕದಲ್ಲಿ 563 ಹುಲಿ, ಮಧ್ಯಪ್ರದೇಶದ 785 ಬಿಟ್ರೆ ನಮ್ಮದೇ ಜಾಸ್ತಿ. ಆನೆ 2023ರಲ್ಲಿ 6,395, ದೇಶದಲ್ಲೇ ಮೊದಲ ಸ್ಥಾನ. ಬೋರ್ಡಲ್ಲಿ ಈ ನಂಬರು ಬರೆದಾಗ ಊರಾಚೆಯವರು ಚಪ್ಪಾಳೆ ಹೊಡೀತಾರೆ, ನಮ್ಮ ಮಕ್ಕಳು "ಅದುಕ್ಕೇ ಇಲ್ಲಿಗ್ ಬತ್ತವ" ಅಂದ್ರು.

ಇಷ್ಟೊತ್ತಿಗೆ ಊರಲ್ಲಿ ಮಾತು ಶುರುವಾಗಿತ್ತು. ಎಸ್‌ಡಿಎಂಸಿ, ಅಂದ್ರೆ ಶಾಲೆ ಮೇಲ್ವಿಚಾರಣಾ ಸಮಿತಿ ಮೀಟಿಂಗಲ್ಲಿ ಒಬ್ಬ ಯಜಮಾನರು ನೇರವಾಗೇ ಕೇಳಿದ್ರು, "ಮೇಡಂ, ನೀವು ಪ್ರಾಣಿ ಕಡೆಯೋ ನಮ್ಮ ಕಡೆಯೋ ಮೊದ್ಲು ಹೇಳ್ಬುಡಿ." ಅವರದ್ದು ತಪ್ಪು ಅಂತ ಈಗಲೂ ನನಗೆ ಅನ್ನಿಸಲ್ಲ. ಅವರು ಅರಿಶಿನ ಹಾಕಿ, ಸಣ್ಣ ಈರುಳ್ಳಿ ಹಾಕಿ, ಸಾಲ ಮಾಡಿ ಸೋಲಾರ್ ಬೇಲಿ ಹಾಕ್ಸಿರೋರು. ನಾನು ಆನ ಬುಕ್ಕನ್ನೇ ಅವರ ಕೈಗೆ ಕೊಟ್ಟೆ. ಅವರು ತಮ್ಮ ಹೊಲದ ಎಂಟ್ರಿ ಹುಡುಕಿ ಓದಿದ್ರು, ತಾರೀಕು ಸಮೇತ ಇತ್ತು. ಸ್ವಲ್ಪ ಹೊತ್ತು ಬಿಟ್ಟು "ಪರಿಹಾರಕ್ಕೆ ಅರ್ಜಿ ಹಾಕ್ಬೇಕಾದ್ರ ಇದು ಉಪಯೋಗ್ಕ ಬತ್ತದಾ?" ಅಂದ್ರು.

ಅಲ್ಲಿಂದ ಪಾಠಕ್ಕೆ ಹೊಸ ಅಧ್ಯಾಯ ಸೇರ್ಕೊಂಡ್ತು, ಯಾವ ಸಿಲಬಸ್ಸಲ್ಲೂ ಇಲ್ಲದ್ದು. ಬೆಳೆ ಹಾನಿಗೆ, ಜಾನುವಾರು ಸತ್ತರೆ ಪರಿಹಾರ ಇದೆ ಅಂತ ಎಲ್ಲರಿಗೂ ಗೊತ್ತು, ಹೆಂಗೆ ಅಂತ ಗೊತ್ತಿರೋರು ಕಮ್ಮಿ. ಒಬ್ಬ ಅರಣ್ಯ ಸಿಬ್ಬಂದಿನ ಶಾಲೆಗೆ ಕರೆಸಿ ಮಕ್ಕಳ ಮುಂದೆ ಕೂರಿಸಿದ್ವಿ. ಹಸು ಸತ್ತಿದ್ರೆ ಅದನ್ನ ಎಳೆದಾಡಬೇಡಿ, ಹೂಳಬೇಡಿ, ಸಿಬ್ಬಂದಿ ಬಂದು ಜಾಗ ನೋಡೋತನಕ ಹಂಗೇ ಬಿಡಿ, ಪಶುವೈದ್ಯರ ರಿಪೋರ್ಟು ಬೇಕು, ಫೋಟೋ ತಗೊಳ್ಳಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಇಟ್ಕೊಳ್ಳಿ ಅಂತೆಲ್ಲ ಹೇಳಿದ್ರು. ಒಬ್ಬಳು ಎದ್ದು "ಪಹಣಿ ತಾತನ ಹೆಸ್ರಲ್ಲಿದ್ರ?" ಅಂದ್ಲು. ತಾತ ತೀರ್ಕೊಂಡು ವರ್ಷಗಳಾಗಿವೆ, ಖಾತೆ ಬದಲಾಗಿಲ್ಲ, ಅರ್ಧ ಊರಿನ ಕಥೆ ಇದೇ. ಬಂದವರಿಗೆ ತಕ್ಷಣ ಉತ್ತರ ಹೊಳೀಲಿಲ್ಲ. ಅರ್ಜಿ ಕೊಟ್ಟ ಎಷ್ಟೋ ಜನಕ್ಕೆ ದುಡ್ಡು ಬರೋದು ತಡ ಆಗಿದೆ, ಬಂದಾಗಲೂ ನಷ್ಟಕ್ಕೂ ಅದಕ್ಕೂ ತಾಳೆ ಆಗಲ್ಲ, ಅದನ್ನ ಮಕ್ಕಳು ಆ ಸಿಬ್ಬಂದಿ ಎದುರೇ ಹೇಳಿದ್ರು. ಅವರು ಬೇಜಾರು ಮಾಡ್ಕೊಳ್ಳಲಿಲ್ಲ, "ನಾವೂ ಇದೇ ಊರೋರೇ ಕನ್ರಪ್ಪ" ಅಂದ್ರು. ವನ್ಯಜೀವಿ ಸಂರಕ್ಷಣೆ ಬಗ್ಗೆ ನಮ್ಮ ಶಾಲೆಲಿ ಆದ ಒಳ್ಳೆ ಕ್ಲಾಸುಗಳಲ್ಲಿ ಅದು ಒಂದು ಅಂತ ನಾನು ಲೆಕ್ಕಕ್ಕೆ ತಗೊಂಡಿದೀನಿ.

ಹುಷಾರಾಗಿರೋ ಪಾಠನೂ ಇದರ ಜೊತೆಗೇ. ಕತ್ತಲಲ್ಲಿ ಬಯಲಿಗೆ ಒಬ್ಬರೇ ಹೋಗಬಾರದು, ಚಿರತೆ ಕಣ್ಣಿಗೆ ಕುಕ್ಕರಗಾಲಲ್ಲಿ ಕೂತ ಮನುಷ್ಯ ಚಿಕ್ಕ ಪ್ರಾಣಿ ಥರ ಕಾಣ್ತಾನೆ, ಗುಂಪಾಗಿ ಮಾತಾಡ್ಕೊಂಡು ನಡೀಬೇಕು, ಟಾರ್ಚ್ ಇರಬೇಕು, ಆನೆ ಕಂಡ್ರೆ ವಿಡಿಯೋ ಮಾಡಕ್ಕೆ ನಿಲ್ಲಬಾರದು. ಹಾವಿಂದು ಬೇರೆನೇ ಒಂದು ದಿನ ಮಾಡಿದೆ, ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ, ಈ ನಾಲ್ಕು ಗೊತ್ತಿರಲಿ, ಕೇರೆಹಾವಿಗೆ ವಿಷ ಇಲ್ಲ, ಅದನ್ನ ಹೊಡೆದ್ರೆ ಇಲಿಗೆ ಅನ್ನ ಹಾಕಿದಂಗೆ. ಕಚ್ಚಿದ್ರೆ ಬ್ಲೇಡಲ್ಲಿ ಕೊಯ್ಯೋದು, ಹಗ್ಗದಲ್ಲಿ ಬಿಗಿಯಾಗಿ ಕಟ್ಟೋದು, ಮಂತ್ರ ಹಾಕ್ಸೋದು ಬೇಡ, ಅಲ್ಲಾಡಿಸದೆ ನೇರ ಆಸ್ಪತ್ರೆಗೆ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತನ ಕಡ್ಡಾಯವಾಗಿ ವರದಿ ಮಾಡೋ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಮಂತ್ರ ಬೇಡ ಅಂದಿದ್ದಕ್ಕೆ ಒಂದು ಮನೆಯಿಂದ ತಕರಾರು ಬಂತು, ಮಂತ್ರ ಹಾಕೋರು ಅವರ ದೊಡ್ಡಪ್ಪನೇ. ಮಂತ್ರ ಹಾಕಿಸ್ಕೊಂಡೇ ಹೋಗ್ಲಿ, ಆಂಬುಲೆನ್ಸಲ್ಲಿ ಕೂತ್ಕೊಂಡು ಹಾಕಿಸ್ಕೊಳ್ಳಿ ಅಂತ ಎಚ್‌ಎಂ ಸರ್ ರಾಜಿ ಮಾಡಿಸಿದ್ರು.

2025ರ ಜೂನ್ ಕೊನೇಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ, ಐದೂ ಒಟ್ಟಿಗೆ ಸತ್ತು ಬಿದ್ದಿದ್ವು. ಹಸು ಕೊಂದ ಸಿಟ್ಟಿಗೆ ಆ ಹಸುವಿನ ಮೈಗೆ ವಿಷ ಹಾಕಿದ್ದು ಅಂತ ತನಿಖೆಲಿ ಗೊತ್ತಾಯ್ತು. ನಮ್ಮದೇ ಚಾಮರಾಜನಗರ ಜಿಲ್ಲೆ. ಮಾರನೇ ದಿನ ಎಲ್ಲರ ಮನೆ ಮೊಬೈಲಲ್ಲೂ ಆ ಫೋಟೋ. ಅದನ್ನ ಕ್ಲಾಸಲ್ಲಿ ಎತ್ತೋದು ಬೇಡ, ಊರಲ್ಲಿ ಸುಮ್ಮನೆ ಗಲಾಟೆ ಅಂತ ಸಹೋದ್ಯೋಗಿಯೊಬ್ಬರು ಹೇಳಿದ್ರು, ನಾನು ಎತ್ತಬೇಕಾಗೇ ಇರಲಿಲ್ಲ, ಮಕ್ಕಳೇ ಎತ್ತಿದ್ರು. ಒಬ್ಬ "ಹಸಿಗ ಕಾಸು ಟೈಮಿಗ್ ಕೊಟ್ಟಿದ್ರ ಯಾರ್ ವಿಷ ಹಾಕರು" ಅಂದ. ಹಿಂದಿನ ವರ್ಷ ಹುಲಿಗೆ ಹಸು ಕಳ್ಕೊಂಡ ಮನೆ ಹುಡುಗಿ ಒಬ್ಬಳಿದ್ಲು. "ನಮ್ ಹಸ ಹೋದಾಗ ನಮ್ಮಪ್ಪ ಎರಡ್ ದಿಸ ಉಣ್ಣಿಲ್ಲ, ನಂಗೂ ಸಿಟ್ ಬಂದಿತ್ತು, ಆದ್ರ ಮರಿಗ್ಯಾಕ ವಿಷ" ಅಂದ್ಲು. ಇಬ್ಬರೂ ವಾದ ಮಾಡಿದ್ರು, ಉಳಿದವರೂ ಸೇರಿದ್ರು, ನಾನು ಯಾರದ್ದು ಸರಿ ಅಂತ ತೀರ್ಪು ಕೊಡಕ್ಕೆ ಹೋಗಲಿಲ್ಲ. ಕಾನೂನು ಏನು ಹೇಳುತ್ತೆ ಅಂತ ಹೇಳಿದೆ, 1972ರ ವನ್ಯಜೀವಿ ಕಾಯ್ದೆ, ಜೈಲು, ಅಷ್ಟೇ. ಆಮೇಲೆ ಬೋರ್ಡ್ ಮಧ್ಯೆ ಒಂದು ಸತ್ತ ಹಸು ಬರೆದು, ಇದನ್ನ ಯಾರ್ಯಾರು ತಿಂತಾರೆ ಹೇಳಿ ಅಂದೆ. ಹುಲಿ ಬಿಟ್ಟು ಹೇಳಿ ಅಂದೆ. ನಾಯಿ, ಹಂದಿ, ನರಿ, ಕಾಗೆ, ಮುಂಗುಸಿ, ಹದ್ದು, ನೊಣ, ಪಟ್ಟಿ ಬೆಳೀತಾ ಹೋಯ್ತು. ಎಲ್ಲದಕ್ಕೂ ಬಾಣ ಎಳೆದ್ರು. "ನಮ್ ಟೈಗರ್ ಕೂಡ ತಿಂತದ ಮಿಸ್" ಅಂದ ಒಬ್ಬ, ಟೈಗರ್ ಅಂದ್ರೆ ಅವರ ಮನೆ ನಾಯಿ.

ಆ ಪಟ್ಟಿಲಿ ರಣಹದ್ದು ಯಾರೂ ಹೇಳಲಿಲ್ಲ. ಮನೇಲಿ ಅಜ್ಜಿ ತಾತನ ಕೇಳ್ಕೊಂಡು ಬನ್ನಿ ಅಂತ ಹೋಮ್‌ವರ್ಕ್ ಕೊಟ್ಟೆ, ಮಾರನೇ ದಿನ ಕಥೆಗಳೇ ಕಥೆಗಳು. ಊರಾಚೆ ಸತ್ತ ದನ ಎಸೆದ್ರೆ ಒಂದು ಹೊತ್ತಲ್ಲಿ ಮೂಳೆ ಮಾತ್ರ ಉಳೀತಿತ್ತು, ಕತ್ತು ಬೋಳು ಬೋಳಾಗಿರೋ ದೊಡ್ಡ ಹದ್ದು, ರೆಕ್ಕೆ ಬಡಿದ್ರೆ ಸದ್ದು ಕೇಳೋದು ಅಂತೆಲ್ಲ. ಎಲ್ಲಿ ಹೋದ್ವು ಅಂದ್ರೆ ದೇವರಿಗೇ ಗೊತ್ತು ಅಂದಿದ್ರಂತೆ. ಗೊತ್ತಿದೆ, ಡೈಕ್ಲೋಫೆನಾಕ್ ಅಂತ ನೋವಿನ ಔಷಧಿ, ದನಕ್ಕೆ ಕೊಡ್ತಿದ್ರು, ಅದು ಮೈಲಿರೋ ದನ ಸತ್ತು ಅದನ್ನ ಹದ್ದು ತಿಂದ್ರೆ ಕಿಡ್ನಿ ಹೋಗಿ ಸಾಯ್ತಿತ್ತು. ತೊಂಬತ್ತರ ದಶಕದಿಂದ ಹಿಂಗೆ ದೇಶದ ಬಹುಪಾಲು ರಣಹದ್ದು ಖಾಲಿ ಆಗೋದ್ವು, 2006ರಲ್ಲಿ ದನಕ್ಕೆ ಆ ಔಷಧಿ ಬಳಸೋದನ್ನ ಬ್ಯಾನ್ ಮಾಡಿದ್ರು. ಬಂಡೀಪುರದ ಕಡೆ ಇನ್ನೂ ಅಲ್ಪಸ್ವಲ್ಪ ಉಳಿದಿವೆ. ಇಲ್ಲಿ ಯಾರೂ ಸಿಟ್ಟಲ್ಲಿ ವಿಷ ಹಾಕಿದ್ದಲ್ಲ, ದನ ಹುಷಾರಾಗಲಿ ಅಂತ ಕೊಟ್ಟಿದ್ದು, ಅದು ಮಕ್ಕಳಿಗೆ ಹುಲಿ ಕಥೆಗಿಂತ ಜಾಸ್ತಿ ತಟ್ಟಿತು ಅಂತ ಕಾಣುತ್ತೆ. ಒಬ್ಬ ಪಶು ಆಸ್ಪತ್ರೆಗೆ ಹೋಗಿ ಡಾಕ್ಟರ್ ಹತ್ರ ನೀವು ಯಾವ ನೋವಿನ ಇಂಜೆಕ್ಷನ್ ಕೊಡ್ತೀರಿ ಅಂತ ಕೇಳ್ಕೊಂಡು ಬಂದು ಚೀಟಿಲಿ "ಮೆಲಾಕ್ಸಿಕಾಮ್, ಹದ್ದಿಗೆ ಪರವಾಗಿಲ್ಲ" ಅಂತ ಬರೆಸ್ಕೊಂಡು ಬಂದಿದ್ದ.

ಅರಣ್ಯ ಇಲಾಖೆಯವರ ಚಿಣ್ಣರ ವನದರ್ಶನದಲ್ಲಿ ಮಕ್ಕಳನ್ನ ಕಾಡಿಗೆ ಕರ್ಕೊಂಡು ಹೋಗ್ತಾರೆ, ನಮ್ಮ ಕಡೆ ಮಕ್ಕಳಿಗೂ ಒಂದ್ಸಲ ಆ ಅವಕಾಶ ಬಂತು. ಕಾಡಿನ ಪಕ್ಕದಲ್ಲೇ ಹುಟ್ಟಿ ಬೆಳೆದವರು ಕಾಡೊಳಗೆ ಕಾಲಿಡೋದು ಅದೇ ಮೊದಲು, ಅದುವರೆಗೆ ಹೋದ್ರೆ ಕೇಸು. ಸಫಾರಿಲಿ ಹುಲಿ ಕಾಣಲಿಲ್ಲ, ಜಿಂಕೆ, ಕಾಟಿ, ದೂರದಲ್ಲಿ ಆನೆ. ಬೆಂಗಳೂರಿನ ಪ್ರವಾಸಿಗಳು ಹುಲಿ ಸಿಗಲಿಲ್ಲ ಅಂತ ಮುಖ ಸಪ್ಪೆ ಮಾಡ್ಕೊಂಡಿದ್ರು, ನಮ್ಮವರು ಬಸ್ಸಿನ ಕಿಟಕಿ ಸೀಟಿಗೆ ಕಿತ್ತಾಡ್ಕೊಂಡು ಖುಷಿಯಾಗಿದ್ರು. ಆದ್ರೆ ಅವರು ಗಮನಿಸಿದ್ದು ನಾನು ಗಮನಿಸದ್ದು. "ಮಿಸ್, ಒಳಗ ಬರೀ ಲಂಟಾನ, ಹುಲ್ಲೇ ಇಲ್ಲ, ಜಿಂಕ ಏನ್ ತಿನ್ನದು?" ಹೌದು, ರಸ್ತೆ ಎರಡೂ ಕಡೆ ಆಳೆತ್ತರ ಲಂಟಾನ. ಅಮೆರಿಕಾ ಖಂಡದ ಗಿಡ, ಬ್ರಿಟಿಷರ ಕಾಲದಲ್ಲಿ ಹೂವು ಚೆಂದ ಅಂತ ತೋಟಕ್ಕೆ ತಂದಿದ್ದು, ಈಗ ಕಾಡು ತುಂಬಿದೆ, ದನ ಜಿಂಕೆ ತಿನ್ನಲ್ಲ, ಬೇಸಿಗೆಲಿ ಒಣಗಿದ್ರೆ ಬೆಂಕಿಗೆ ಸೌದೆ. 2019ರ ಫೆಬ್ರವರಿ ಬೆಂಕಿಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಿತ್ತು, ಅವತ್ತು ಬೆಂಕಿ ಆರಿಸಕ್ಕೆ ಹೋದ ವಾಚರುಗಳಲ್ಲಿ ನಮ್ಮ ಮಕ್ಕಳ ಅಪ್ಪಂದಿರೂ ಇದ್ರು. ವಾಪಸ್ ಬರ್ತಾ ಬಸ್ಸಲ್ಲಿ ಒಬ್ಬ ಹುಡುಗ ಅವರಪ್ಪ ಹಸಿ ಸೊಪ್ಪಲ್ಲಿ ಬೆಂಕಿ ಬಡಿಯೋದು ಹೆಂಗೆ ಅಂತ ಸೀಟ್ ಮೇಲೆ ನಿಂತು ತೋರಿಸಿದ, ಡ್ರೈವರಣ್ಣ ಬೈದು ಕೂರಿಸಿದ್ರು.

ಈಗ ಟ್ರಂಚಿನ ವಿಷಯ. ಆನೆಮರಿ ಹೆಂಗೆ ದಾಟ್ತು ಅಂತ ಕೇಳಿದ್ನಲ್ಲ, ಅವನು ಬಿಡಲೇ ಇಲ್ಲ. ಆನ ಬುಕ್ಕಲ್ಲಿ ಆನೆ ಬಂದ ಹೊಲಗಳನ್ನೆಲ್ಲ ಊರಿನ ನಕ್ಷೆ ಮೇಲೆ ಚುಕ್ಕಿ ಇಟ್ಟು ನೋಡಿದ್ರೆ, ಚುಕ್ಕಿಗಳೆಲ್ಲ ಒಂದೇ ದಿಕ್ಕಿಂದ ಬೀಸಣಿಗೆ ಥರ ಹರಡಿದ್ವು. ವಾಚರಣ್ಣನ ಜೊತೆ ಹಗಲು ಹೊತ್ತಲ್ಲಿ ದೊಡ್ಡ ಮಕ್ಕಳು ನಾಲ್ಕೈದು ಜನ, ನಾನು, ಎಚ್‌ಎಂ ಸರ್ ಹೋಗಿ ನೋಡಿದ್ವಿ. ಟ್ರಂಚು ಸಾಮಾನ್ಯವಾಗಿ ಮೂರು ಮೀಟರ್ ಆಸುಪಾಸು ಅಗಲ, ಹೆಚ್ಚುಕಮ್ಮಿ ಅಷ್ಟೇ ಆಳ ಇರಬೇಕು. ಒಂದು ಕಡೆ ಮಳೆ ನೀರು ಹರಿಯೋ ಜಾಗದಲ್ಲಿ ಎರಡೂ ದಡ ಕುಸಿದು ಆಳ ನನ್ನ ಸೊಂಟಕ್ಕೂ ಬರ್ತಿರಲಿಲ್ಲ, ದಡದ ಮೇಲೆ ಆನೆ ಮೈ ಉಜ್ಜಿದ ಗುರುತು. ಟೇಪ್ ಹಿಡಿದು ಅಳೆದ್ರು, ಬರ್ಕೊಂಡ್ರು. ಅಲ್ಲೇ ಕಾಗದ ಬರೆಯೋದು ಅಂತ ತೀರ್ಮಾನ ಆಯ್ತು, ಗ್ರಾಫು, ನಕ್ಷೆ, ಅಳತೆ ಎಲ್ಲಾ ಲಗತ್ತಿಸಿ.

ಮೊದಲನೇ ಕಾಗದ ಇದು ನಮ್ಮ ವ್ಯಾಪ್ತಿಗೆ ಬರಲ್ಲ, ಪಕ್ಕದ ವಲಯಕ್ಕೆ ಕೊಡಿ ಅಂತ ವಾಪಸ್ ಬಂತು. ಎರಡನೇದನ್ನ ಪಕ್ಕದ ವಲಯಕ್ಕೆ ಕೊಟ್ವಿ, ಸರ್ವೆ ನಂಬರ್ ಹಾಕಿ ಅಂದ್ರು, ಗ್ರಾಮ ಲೆಕ್ಕಿಗರನ್ನ ಕೇಳಿ ಅದನ್ನೂ ಹಾಕಿದ್ವಿ. ಹೊಸ ಕಾಗದಕ್ಕೆ ಒಂದು, ಎರಡು, ಮೂರು ಅಂತ ಅಂಶ ಬರೆದು ತಂದಿದ್ರು. ಒಂದು, ಟ್ರಂಚ್ ಸರಿ ಮಾಡಿ. ಎರಡು, ಮಳೆ ನೀರು ಹೋಗಕ್ಕೆ ಪೈಪ್ ಹಾಕಿ, ಇಲ್ಲಾಂದ್ರೆ ಮತ್ತೆ ಕುಸಿಯುತ್ತೆ. ಮೂರು, ಕೆಲಸ ಮಾಡೋವಾಗ ಆನೆಗಳು ಯಾವ ಕಡೆ ಇವೆ ಅಂತ ನೋಡ್ಕೊಂಡು ಮಾಡಿ, ಯಾಕಂದ್ರೆ ಹಿಂಡಲ್ಲಿ 120 ಸೆಂಟಿಮೀಟರ್ ಎತ್ತರದ ಒಂದು ಮರಿ ಇದೆ, ಟ್ರಂಚ್ ಸರಿ ಮಾಡೋವಾಗ ಅದು ಈ ಕಡೆ ಉಳ್ಕೊಂಡ್ರೆ ಅವ್ವನ ಹತ್ರ ಹೋಗಕ್ಕೆ ಆಗಲ್ಲ. ಎಚ್‌ಎಂ ಸರ್ ಓದಿ "ಮೂರನೇದು ತೆಗೀರಪ್ಪ, ಆಫೀಸಲ್ಲಿ ನಗ್ತಾರೆ" ಅಂದ್ರು. ಮಕ್ಕಳು ಒಪ್ಪಲಿಲ್ಲ, ಅದನ್ನ ತೆಗೆದ್ರೆ ನಾವು ಸೈನ್ ಮಾಡಲ್ಲ ಅಂದ್ರು, ಎಂಟನೇ ಕ್ಲಾಸಿನವನಂತೂ ಪೆನ್ನೇ ಮುಚ್ಚಿಟ್ಟ. ಸರ್ ಕೊನೆಗೆ ಸೀಲ್ ಹಾಕಿದ್ರು. ಕಾಗದ ಮೂರೂ ಅಂಶದ ಸಮೇತ ಹೋಗಿದೆ, ಸ್ವೀಕೃತಿ ಬಂದಿದೆ, ಜೆಸಿಬಿ ಇನ್ನೂ ಬಂದಿಲ್ಲ.